ಒಂದು ಓದಿಗೆ ಒಂದೇ ತಪ್ಪು: ಇಂಗ್ಲಿಷ್ ಬರಹ ತಿದ್ದುವ ಬಗೆ

ಒಮ್ಮೆ ಒಂದು ಮುಖ್ಯವಾದ ಇಂಗ್ಲಿಷ್ ಪತ್ರದಲ್ಲಿ ‘ಕಳೆದುಕೊಳ್ಳು’ ಎಂದು ಬರೆಯಬೇಕಾದ ಕಡೆ ‘ಸಡಿಲ’ ಎಂದು ಬರೆದು ಕಳಿಸಿಬಿಟ್ಟೆ. ‘ಲೂಸ್’ ಪದದ್ದೇ ತೊಂದರೆ. ಕಳೆದುಕೊಳ್ಳುವುದಕ್ಕೆ ಒಂದು ‘ಓ’, ಸಡಿಲ ಎನ್ನುವುದಕ್ಕೆ ಎರಡು ‘ಓ’. ಮೊದಲನೆಯದನ್ನು ‘ಲೂಜ್’ ಎಂದು ಹೇಳಬೇಕು, ಆದರೆ ನಮ್ಮ ಬಾಯಲ್ಲಿ ಎರಡೂ ಒಂದೇ. ಪತ್ರವನ್ನು ಮೂರು ಸಲ ಓದಿದ್ದೆ. ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ, ಏಕೆಂದರೆ ಎರಡೂ ನಿಜವಾದ ಪದಗಳೇ. ಆ ಮೂರು ಓದಿನಲ್ಲೂ ನಾನು ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಹುಡುಕುತ್ತಿದ್ದೆ. ಹಾಗೆ ಹುಡುಕಿದರೆ ಮುಖ್ಯವಾದದ್ದೇ ಕಣ್ಣು ತಪ್ಪಿಸುತ್ತದೆ.

ಅಂದಿನಿಂದ ಕ್ರಮ ಬದಲಾಯಿಸಿಕೊಂಡೆ. ಮೊದಲು ಪೂರ್ತಿ ಬರೆದು ಮುಗಿಸುತ್ತೇನೆ. ಬರೆಯುವಾಗ ವ್ಯಾಕರಣದ ಚಿಂತೆ ಇಟ್ಟುಕೊಳ್ಳುವುದಿಲ್ಲ. ಆಮೇಲೆ ಐದು ಸಲ ಓದುತ್ತೇನೆ, ಪ್ರತಿ ಓದಿಗೆ ಒಂದೇ ಬಗೆಯ ತಪ್ಪು.

ಮೊದಲ ಓದು: ಯಾರು, ಏನು ಮಾಡಿದರು

ಪ್ರತಿ ವಾಕ್ಯದಲ್ಲೂ ಕರ್ತೃವಿನ ಮೇಲೆ ಒಂದು ಬೆರಳು, ಕ್ರಿಯಾಪದದ ಮೇಲೆ ಇನ್ನೊಂದು ಬೆರಳು ಇಡಿ. ‘ಒನ್ ಆಫ್ ದ ಮೆಂಬರ್ಸ್ ಹ್ಯಾವ್ ಕಮ್’ ಎಂದು ಬರೆದಿದ್ದೀರಿ ಅಂದುಕೊಳ್ಳಿ. ಕ್ರಿಯಾಪದದ ಪಕ್ಕದಲ್ಲೇ ‘ಮೆಂಬರ್ಸ್’ ಕೂತಿದೆ. ಹಾಗಾಗಿ ಕೈ ತಾನಾಗಿಯೇ ‘ಹ್ಯಾವ್’ ಎಂದು ಬರೆಯುತ್ತದೆ. ಆದರೆ ಬಂದದ್ದು ಸದಸ್ಯರೆಲ್ಲ ಅಲ್ಲ, ಅವರಲ್ಲಿ ಒಬ್ಬರು. ‘ಹ್ಯಾಸ್’ ಆಗಬೇಕು. ನಡುವಿನ ಪದಗಳನ್ನು ಮುಚ್ಚಿಕೊಂಡು ಓದಿದರೆ ತಕ್ಷಣ ಗೊತ್ತಾಗುತ್ತದೆ.

ಇದೇ ಓದಿನಲ್ಲಿ ‘ಡಿಡ್’ ಎಲ್ಲೆಲ್ಲಿದೆ ನೋಡಿ. ಅದು ಬಂದರೆ ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು. ‘ಡಿಡಂಟ್ ವೆಂಟ್’ ಅಲ್ಲ, ‘ಡಿಡಂಟ್ ಗೋ’.

ಎರಡನೇ ಓದು: ಕನ್ನಡದಿಂದ ನುಸುಳಿದ್ದು

ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ. ನಾವು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವಾಗ ಕನ್ನಡದ ಪ್ರತ್ಯಯಗಳು ಸದ್ದಿಲ್ಲದೆ ಜೊತೆಗೆ ಬರುತ್ತವೆ. ಅದು ದಡ್ಡತನ ಅಲ್ಲ, ತಾಯ್ನುಡಿಯ ಅಭ್ಯಾಸ. ಎಲ್ಲಿಂದ ಬಂತು ಅಂತ ತಿಳಿದರೆ ಹಿಡಿಯುವುದು ಸುಲಭ.

‘2020ರಿಂದ ಇಲ್ಲಿದ್ದೇನೆ’, ‘ಎರಡು ವರ್ಷದಿಂದ ಇಲ್ಲಿದ್ದೇನೆ’. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಸಾಲದು. ಶುರುವಾದ ಗಳಿಗೆ ಹೇಳಿದರೆ ‘ಸಿನ್ಸ್’, ಕಳೆದ ಕಾಲದ ಅಳತೆ ಹೇಳಿದರೆ ‘ಫಾರ್’. ಕ್ರಿಯಾಪದವೂ ಬದಲಾಗಬೇಕು. ‘ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎನ್ನುವುದರಲ್ಲಿ ಎರಡು ತಪ್ಪಿವೆ. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್’ ಸರಿ.

‘ಯೋಜನೆಯ ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವೆ. ಆ ‘ಬಗ್ಗೆ’ಯೇ ‘ಡಿಸ್ಕಸ್ಡ್ ಅಬೌಟ್ ದ ಪ್ಲಾನ್’ ಎಂದು ಇಳಿಯುತ್ತದೆ. ‘ಡಿಸ್ಕಸ್’ ಪದದೊಳಗೇ ‘ಬಗ್ಗೆ’ ಸೇರಿಕೊಂಡಿದೆ, ‘ಅಬೌಟ್’ ತೆಗೆಯಿರಿ. ಆದರೆ ‘ಡಿಸ್ಕಷನ್’ ಎಂಬ ನಾಮಪದದ ಜೊತೆ ‘ಅಬೌಟ್’ ಬರಬಹುದು.

‘ಅಲ್ವಾ’ ಎಂಬ ಪದವನ್ನೇ ನೋಡಿ. ನೀವು ಬರ್ತೀರಿ ಅಲ್ವಾ, ಅವರು ಹೋದರು ಅಲ್ವಾ. ಎಲ್ಲಿ ಹಾಕಿದರೂ ಅದು ಬದಲಾಗುವುದಿಲ್ಲ. ಅದಕ್ಕೇ ನಾವು ಎಲ್ಲ ಕಡೆ ‘ಇಸಂಟ್ ಇಟ್’ ಹಾಕಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಈ ಬಾಲ ವಾಕ್ಯದ ತಲೆಗೆ ಹೊಂದಬೇಕು: ‘ಯು ಆರ್ ಕಮಿಂಗ್, ಆರಂಟ್ ಯು’, ‘ದೇ ವೆಂಟ್, ಡಿಡಂಟ್ ದೇ’.

‘ಕಡಿಮೆ’ಯೂ ಹಾಗೆಯೇ. ಕಡಿಮೆ ನೀರು, ಕಡಿಮೆ ಜನ. ಇಂಗ್ಲಿಷಿನಲ್ಲಿ ಅಳೆಯುವುದಕ್ಕೆ ‘ಲೆಸ್’, ಎಣಿಸುವುದಕ್ಕೆ ‘ಫ್ಯೂವರ್’. ಈ ಭೇದ ಬಹಳ ಹಳೆಯ ಕಟ್ಟಳೆಯೇನೂ ಅಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಎಣಿಸುವ ವಸ್ತುಗಳಿಗೆ ‘ಫ್ಯೂವರ್’ ಚೆನ್ನಾಗಿರುತ್ತದೆ ಅಂತ ತನ್ನ ಅಭಿಪ್ರಾಯ ಬರೆದಿದ್ದ. ಮುಂದೆ ಅದೇ ನಿಯಮವಾಯಿತು. ಹಣ, ಕಾಲ, ದೂರಗಳಿಗೆ ಮಾತ್ರ ಸಂಖ್ಯೆ ಇದ್ದರೂ ‘ಲೆಸ್’ ಬರುತ್ತದೆ: ‘ಲೆಸ್ ದ್ಯಾನ್ ಟೆನ್ ಮೈಲ್ಸ್’. ಅಲ್ಲಿ ನಾವು ಮೈಲಿಗಳನ್ನು ಒಂದೊಂದಾಗಿ ಎಣಿಸುತ್ತಿಲ್ಲ, ಒಟ್ಟು ದೂರ ಹೇಳುತ್ತಿದ್ದೇವೆ.

ಎಣಿಕೆಗೆ ಸಿಗದ ಇನ್ನೂ ಕೆಲವು ಪದಗಳಿವೆ. ‘ಇನ್ಫರ್ಮೇಷನ್’, ‘ಫರ್ನಿಚರ್’, ‘ಎಕ್ವಿಪ್‌ಮೆಂಟ್’, ‘ಅಡ್ವೈಸ್’. ಇವಕ್ಕೆ ಕೊನೆಯಲ್ಲಿ ಬಹುವಚನದ ‘ಎಸ್’ ಹಚ್ಚಬೇಡಿ.

ಮೂರನೇ ಓದು: ಅವಳಿ ಪದಗಳು

ಇಂಗ್ಲಿಷ್ ಪದಕ್ಕೆ ‘ಮಾಡು’, ‘ಆಗು’ ಸೇರಿಸಿ ಮಾತಾಡುವುದು ನಮ್ಮ ರೂಢಿ. ಅಡ್ವೈಸ್ ಮಾಡಿದರು, ಎಫೆಕ್ಟ್ ಆಯಿತು. ಮಾತಿಗೆ ಇದು ತುಂಬ ಅನುಕೂಲ. ಆದರೆ ಕ್ರಿಯೆಯ ಕೆಲಸವನ್ನೆಲ್ಲ ‘ಮಾಡು’ ನೋಡಿಕೊಳ್ಳುವುದರಿಂದ, ಯಾವುದು ನಾಮಪದ, ಯಾವುದು ಕ್ರಿಯಾಪದ ಎಂಬ ವ್ಯತ್ಯಾಸ ಕಿವಿಗೆ ಬೀಳುವುದೇ ಇಲ್ಲ. ಬರೆಯಲು ಕೂತಾಗ ಅಲ್ಲೇ ಎಡವುತ್ತೇವೆ.

ಸಲಹೆ ಎಂಬ ನಾಮಪದದಲ್ಲಿ ‘ಸಿ’ ಅಕ್ಷರ, ಅದು ‘ಅಡ್ವೈಸ್’. ಸಲಹೆ ಕೊಡು ಎಂಬ ಕ್ರಿಯಾಪದದಲ್ಲಿ ‘ಎಸ್’, ಅದು ‘ಅಡ್ವೈಜ್’. ಹಾಗೆಯೇ ‘ಎ’ಯಿಂದ ಶುರುವಾಗುವ ‘ಅಫೆಕ್ಟ್’ ಸಾಮಾನ್ಯವಾಗಿ ಕ್ರಿಯಾಪದ, ಪರಿಣಾಮ ಬೀರು ಎಂದರ್ಥ. ‘ಇ’ಯಿಂದ ಶುರುವಾಗುವ ‘ಎಫೆಕ್ಟ್’ ಸಾಮಾನ್ಯವಾಗಿ ನಾಮಪದ, ಪರಿಣಾಮ. ಅದೇ ‘ಎಫೆಕ್ಟ್’ ಅಪರೂಪಕ್ಕೆ ಕ್ರಿಯಾಪದವಾಗಿ ‘ಕಾರ್ಯಗತ ಮಾಡು’ ಎಂಬ ಅರ್ಥವನ್ನೂ ಕೊಡುತ್ತದೆ. ಅದು ಕಂಡರೆ ತಪ್ಪು ಅಂದುಕೊಂಡು ತಿದ್ದಬೇಡಿ.

‘ಇಟ್ಸ್’ ಎಲ್ಲರನ್ನೂ ಕಾಡುವ ಪದ. ಟಿ ಮತ್ತು ಎಸ್ ನಡುವೆ ಮೇಲೆ ಅಪಾಸ್ಟ್ರಫಿ ಎಂಬ ಚಿಕ್ಕ ಗುರುತು ಬೇಕೋ ಬೇಡವೋ? ಆ ಜಾಗದಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಿ. ಅರ್ಥ ಕೂಡಿದರೆ ಅಪಾಸ್ಟ್ರಫಿ ಬೇಕು. ಕೂಡದಿದ್ದರೆ ಅಲ್ಲಿರುವುದು ‘ಅದರ’ ಎಂಬ ಪದ, ಅಪಾಸ್ಟ್ರಫಿ ಬೇಡ. ‘ಹಿಸ್’, ‘ಹರ್ಸ್’, ‘ಅವರ್ಸ್’ ಪದಗಳಿಗೂ ಅದು ಇಲ್ಲ ಅಲ್ವಾ? ಗೊಂದಲ ಆಗುವುದು ಸಹಜ. 18ನೇ ಶತಮಾನದವರೆಗೂ ‘ಅದರ’ ಎಂಬ ಅರ್ಥಕ್ಕೆ ಇಂಗ್ಲಿಷರೇ ಅಪಾಸ್ಟ್ರಫಿ ಹಾಕಿ ಬರೆದದ್ದುಂಟು.

ನಾಲ್ಕನೇ ಓದು: ಬಾಯಿಬಿಟ್ಟು ಓದುವುದು

‘ಎ’ ಮತ್ತು ‘ಆನ್’ ಸರಿ ಇದೆಯೇ ಎಂದು ಕಣ್ಣು ಹೇಳಲಾರದು, ಕಿವಿ ಹೇಳುತ್ತದೆ. ಇದಕ್ಕೆ ಕನ್ನಡ ಲಿಪಿಯೇ ನಮಗೆ ಒದಗಿದ ವರ. ಪದವನ್ನು ಉಚ್ಚಾರ ಇದ್ದ ಹಾಗೆ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆನ್’, ವ್ಯಂಜನವಾದರೆ ‘ಎ’. ‘ಯುನಿವರ್ಸಿಟಿ’ ಇಂಗ್ಲಿಷಿನಲ್ಲಿ ‘ಯು’ ಎಂಬ ಸ್ವರಾಕ್ಷರದಿಂದ ಶುರುವಾಗುತ್ತದೆ, ಆದರೆ ಕನ್ನಡದಲ್ಲಿ ಬರೆದಾಗ ಮೊದಲು ಕಾಣುವುದು ಯಕಾರ. ಹಾಗಾಗಿ ‘ಎ ಯುನಿವರ್ಸಿಟಿ’. ಗಂಟೆ ಎಂಬ ಅರ್ಥದ ‘ಅವರ್’ ಪದದಲ್ಲಿ ‘ಎಚ್’ ಬರೆದರೂ ಹೇಳುವುದಿಲ್ಲ. ಮೊದಲು ಕೇಳುವುದು ಅಕಾರ, ಅದಕ್ಕೇ ‘ಆನ್ ಅವರ್’. ಒಂದು ಎಚ್ಚರಿಕೆ: ನಾವು ‘ಒನ್’ ಎಂದು ಬರೆಯುವ ಪದದ ನಿಜವಾದ ಉಚ್ಚಾರ ‘ವನ್’. ಆದ್ದರಿಂದ ಅದಕ್ಕೆ ಮೊದಲು ‘ಎ’ ಬರುತ್ತದೆ.

ಜೋರಾಗಿ ಓದುವಾಗ ಸುಮ್ನೆ ಬಂದು ಕೂತ ಪದಗಳೂ ಕೇಳಿಸುತ್ತವೆ. ‘ರಿಟರ್ನ್ ಬ್ಯಾಕ್’, ‘ರಿಪೀಟ್ ಅಗೈನ್’. ಎರಡನೆಯ ಪದ ಹೊಡೆದುಹಾಕಿ.

ಈ ಹಂತದಲ್ಲಿ ಕೆಲವರು ಚೆನ್ನಾಗಿರುವ ವಾಕ್ಯವನ್ನೂ ಹೆದರಿ ಕೆಡಿಸುತ್ತಾರೆ. ನನಗೆ ಅದು ಬೇಸರದ ವಿಷಯ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್, ಅಂದರೆ ‘ಇನ್’, ‘ಫ್ರಮ್’, ‘ವಿತ್’ ಥರದ ಪದ, ಬರಬಾರದು ಅಂತ ಶಾಲೆಯಲ್ಲಿ ಕೇಳಿರುತ್ತೀರಿ. 1672ರಲ್ಲಿ ಕವಿ ಜಾನ್ ಡ್ರೈಡನ್, ನಾಟಕಕಾರ ಬೆನ್ ಜಾನ್ಸನ್‌ನ ಸಾಲನ್ನು ಇದೇ ಕಾರಣಕ್ಕೆ ಆಕ್ಷೇಪಿಸಿದ್ದ. ಆದರೆ ಇಂಗ್ಲಿಷ್ ಅದಕ್ಕೂ ಮೊದಲು ಹಾಗೆಯೇ ನಡೆದಿತ್ತು, ಆಮೇಲೂ ಹಾಗೆಯೇ ನಡೆದಿದೆ. ‘ಬಟ್’, ‘ಅಂಡ್’ ಪದಗಳಿಂದ ವಾಕ್ಯ ಶುರು ಮಾಡುವುದೂ ತಪ್ಪಲ್ಲ. ಓದಲು ಹಿತವಾಗಿದ್ದರೆ ಧೈರ್ಯವಾಗಿ ಹಾಗೇ ಬಿಡಿ.

ಐದನೇ ಓದು: ಕಾಗುಣಿತದ ಹದ

‘ಕಲರ್’ ಪದಕ್ಕೆ ಬ್ರಿಟನ್ನಿನಲ್ಲಿ ‘ಯು’ ಇದೆ, ಅಮೆರಿಕದಲ್ಲಿ ಇಲ್ಲ. ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ಇಂಥ ಸರಳ ರೂಪಗಳನ್ನು ಕೊಟ್ಟ. ಎರಡೂ ಸರಿ, ಆದರೆ ಒಂದೇ ಬರಹದಲ್ಲಿ ಎರಡೂ ಬೇಡ. ಯಾರಿಗಾಗಿ ಬರೆಯುತ್ತಿದ್ದೀರೋ ಅವರ ರೂಢಿ ಯಾವುದು ನೋಡಿಕೊಂಡು, ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯಲ್ಲೂ ಅದೇ ದೇಶದ ಇಂಗ್ಲಿಷ್ ಆರಿಸಿ. ಈ ಕೊನೆಯ ಓದನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಬಹುದು.