ರಾಡಾರ್ ಡಿಟೆಕ್ಟರಿಗೆ ದುಡ್ಡು ಸುರಿಯುವ ಮೊದಲು ಸ್ಪೀಡೋಮೀಟರ್ ನೋಡಿಕೊಳ್ಳಿ

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ 48ರಲ್ಲಿ ಹತ್ತಿರ ಹತ್ತಿರ 60 ಕಿಲೋಮೀಟರ್. ನೂರರಲ್ಲಿ ಹೋದರೆ 36 ನಿಮಿಷ, ನೂರಿಪ್ಪತ್ತರಲ್ಲಿ 30. ಉಳಿಯುವುದು ಆರು ನಿಮಿಷ. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುವುದೇ ಅದಕ್ಕಿಂತ ಹೆಚ್ಚು. ಈ ಆರು ನಿಮಿಷಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು, ಪೊಲೀಸರು ವೇಗ ಅಳೆಯುವ ಗನ್ ಮುಂದಿದ್ದರೆ ಎಚ್ಚರಿಸುವ ಡಿಟೆಕ್ಟರ್ ತರಿಸುವವರು, ಆ ಪೆಟ್ಟಿಗೆ ಏನು ಹಿಡಿಯುತ್ತದೆ, ಏನು ಹಿಡಿಯುವುದಿಲ್ಲ ಅನ್ನುವುದನ್ನು ಮೊದಲು ತಿಳಿದುಕೊಂಡರೆ ಒಳ್ಳೆಯದು.

ಡಿಟೆಕ್ಟರ್ ಅಂದರೆ ಮುಖ್ಯವಾಗಿ ಒಂದು ರೇಡಿಯೊ ರಿಸೀವರ್. ಎಕ್ಸ್ ಬ್ಯಾಂಡ್ (10.5 ಗಿಗಾಹರ್ಟ್ಸ್), ಕೆ ಬ್ಯಾಂಡ್ (24 ಗಿಗಾಹರ್ಟ್ಸ್), ಕೆಎ ಬ್ಯಾಂಡ್ (33ರಿಂದ 36, ನಮ್ಮ ನಂಬರ್ ಪ್ಲೇಟಿನ ಕೆಎಗೂ ಇದಕ್ಕೂ ಸಂಬಂಧವಿಲ್ಲ) ತರಂಗ ಬಂದರೆ ಕೂಗುತ್ತದೆ. ರಾಡಾರ್ ಗನ್ ತರಂಗವನ್ನು ರಸ್ತೆ ತುಂಬ ಚೆಲ್ಲುತ್ತದೆ, ಹಾಗಾಗಿ ದೂರದಿಂದಲೇ ವಾಸನೆ ಸಿಗುತ್ತದೆ. ಆದರೆ ವೇಗ ಹಿಡಿಯಲು ಪೊಲೀಸರು ನಿಲ್ಲಿಸುವ ಇಂಟರ್‌ಸೆಪ್ಟರ್ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಲೇಸರ್ ಗನ್. ಅದರ ಕಿರಣ 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರ್ ಅಗಲ ಮಾತ್ರ. ನೇರ ನಿಮ್ಮ ನಂಬರ್ ಪ್ಲೇಟಿಗೆ ಗುರಿ ಇಟ್ಟು, ಅರೆ ಸೆಕೆಂಡಿನಲ್ಲಿ ಲೆಕ್ಕ ಮುಗಿಸುತ್ತದೆ. ಡ್ಯಾಶ್‌ಬೋರ್ಡಿನ ಮೇಲಿರುವ ಪೆಟ್ಟಿಗೆಗೆ ಆ ಬೆಳಕು ತಾಗದೆಯೂ ಇರಬಹುದು. ಪೆಟ್ಟಿಗೆಯಲ್ಲಿ ಲೇಸರ್ ಸೆನ್ಸರ್ ಇದ್ದು, ಬೆಳಕು ತಾಗಿ ಬೀಪ್ ಬಂದರೂ ಅಷ್ಟರಲ್ಲಿ ನಿಮ್ಮ ವೇಗ, ಫೋಟೊ ಎರಡೂ ಒಳಗೆ ಸೇರಿರುತ್ತವೆ. ಇನ್ನು ಬೀಪ್ ಕೇಳಿ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು; 120ರಲ್ಲಿ ಅದು 33 ಮೀಟರ್. ಹಿಂದೆ ಮೆಕ್ಕೆಜೋಳ ತುಂಬಿದ ಲಾರಿ ಬರುತ್ತಿದ್ದರೆ ಗಕ್ಕನೆ ಬ್ರೇಕ್ ಒತ್ತುವುದು ಫೈನಿಗಿಂತ ದುಬಾರಿ.

ಸುಳ್ಳು ಕೂಗು ಬೇರೆ. ತಾನಾಗಿ ತೆರೆಯುವ ಅಂಗಡಿ ಬಾಗಿಲು, ಪಕ್ಕದ ಕಾರಿನಲ್ಲಿ ಕನ್ನಡಿಗೆ ಕಾಣದ ಗಾಡಿ ಗುರುತಿಸುವ ಬ್ಲೈಂಡ್ ಸ್ಪಾಟ್ ಸೆನ್ಸರ್, ಇವುಗಳಲ್ಲಿ ಬಹಳಷ್ಟು 24 ಗಿಗಾಹರ್ಟ್ಸಿನಲ್ಲೇ ಕೆಲಸ ಮಾಡುತ್ತವೆ. ನಾಲ್ಕು ದಿನ ಕೇಳಿ ಐದನೇ ದಿನ ಸೌಂಡ್ ಆಫ್ ಮಾಡುತ್ತೀರಿ. ಗನ್ನಿನ ತರಂಗವನ್ನೇ ಕೆಡಿಸುವ ಜಾಮರ್ ಕಡೆಗಂತೂ ತಿರುಗಿಯೂ ನೋಡಬೇಡಿ, ಖಾಸಗಿಯವರು ಅದನ್ನು ಬಳಸುವುದೇ ಕಾನೂನುಬಾಹಿರ.

ಇನ್ನು ಮಿತಿಯ ಮಾತು. ಕೇಂದ್ರದ 2018ರ ಅಧಿಸೂಚನೆಯಂತೆ ಡಿವೈಡರ್ ಇರುವ ಚತುಷ್ಪಥದಲ್ಲಿ ಕಾರಿಗೆ ಗರಿಷ್ಠ 100, ಬೈಕಿಗೆ 80, ಸರಕು ಗಾಡಿಗೆ 80. ಪಟ್ಟಣದೊಳಗೆ ಕಾರಿಗೆ 70, ಬೈಕಿಗೆ 60. ಇವು ಮೇಲಿನ ಮಿತಿ. ರಸ್ತೆ ಬದಿಯ ಬೋರ್ಡಿನಲ್ಲಿ ಇದಕ್ಕಿಂತ ಕಡಿಮೆ ಇದ್ದರೆ ಬೋರ್ಡೇ ಅಂತಿಮ. ಕಾರಿನ ಅತಿವೇಗಕ್ಕೆ ರಾಜ್ಯದಲ್ಲಿ ದಂಡ 1,000 ರೂಪಾಯಿ. ಆದರೆ 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸ್ ಇಲಾಖೆ ಪ್ರಕಟಿಸಿದೆ. ಅಲ್ಲಿಗೆ ಇದು ದುಡ್ಡು ಕಟ್ಟಿ ಕೈ ತೊಳೆದುಕೊಳ್ಳುವ ವಿಷಯವಲ್ಲ.

ಮೀಟರ್ ಪರೀಕ್ಷೆ ಒಂದು ಸಲ ಮಾಡಿಟ್ಟುಕೊಳ್ಳಿ. ಭರಮಸಾಗರದ ಆಚೀಚೆ ಸಮತಟ್ಟಾದ, ಗಾಡಿ ಕಡಿಮೆ ಇರುವ ಕಡೆ ಮೀಟರನ್ನು 80ಕ್ಕೆ ನಿಲ್ಲಿಸಿ ಇಪ್ಪತ್ತು ಸೆಕೆಂಡು ಹಾಗೇ ಹೋಗಿ. ಪಕ್ಕದಲ್ಲಿ ಕೂತವರು ಮೊಬೈಲಿನ ಜಿಪಿಎಸ್ ವೇಗ ಓದಲಿ. ಓಡಿಸುವವರು ಮೊಬೈಲ್ ಮುಟ್ಟುವಂತಿಲ್ಲ. ಜಿಪಿಎಸ್ ಒಂದೆರಡು ಸೆಕೆಂಡು ತಡವಾಗಿ ತೋರಿಸುವುದರಿಂದ ವೇಗ ಏರಿಳಿಯುವಾಗಿನ ಅಂಕಿ ನಂಬಬೇಡಿ. ಬೋರ್ಡ್ ಅಷ್ಟಕ್ಕೆ ಅನುಮತಿಸುವ ಕಡೆ 100ರಲ್ಲೂ ಹೀಗೇ ನೋಡಿ. ಸಾಮಾನ್ಯವಾಗಿ ಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವಂತಿಲ್ಲ ಅನ್ನುವುದು ನಿಯಮ. ಆ ನಿಯಮ ಕೆಡುವುದು ಟೈರ್ ಬದಲಿಸಿದಾಗ. 185/65 ಆರ್15 ಅಳತೆಯ ಟೈರ್ ಇದ್ದಲ್ಲಿ 195/65 ಆರ್15 ಹಾಕಿಸಿದರೆ ಚಕ್ರದ ವ್ಯಾಸ 621ರಿಂದ 634 ಮಿಲಿಮೀಟರಿಗೆ ಏರುತ್ತದೆ. ಅಂದರೆ ಮೀಟರ್ ಅದೇ ಅಂಕಿ ತೋರಿಸುವಾಗ ಗಾಡಿ ಶೇಕಡಾ 2ರಷ್ಟು ಜೋರಾಗಿ ಓಡುತ್ತಿರುತ್ತದೆ. ದೊಡ್ಡ ಅಲಾಯ್ ಚಕ್ರ ಹಾಕಿಸಿದವರು ಈ ಪರೀಕ್ಷೆ ತಪ್ಪಿಸಲೇಬೇಡಿ.

2019ರ ಜುಲೈ ನಂತರ ತಯಾರಾದ ಕಾರಾದರೆ 80 ದಾಟಿದಾಗ ಆಗಾಗ, 120 ದಾಟಿದಾಗ ಎಡೆಬಿಡದೆ ಬೀಪ್ ಬರುತ್ತದೆ. ಆ ವೈರ್ ಕೀಳಿಸಿ ಡಿಟೆಕ್ಟರ್ ಕೂರಿಸುವವರ ಲೆಕ್ಕ ಏನೋ! ಇಟ್ಟ ವೇಗವನ್ನು ತಾನಾಗಿ ಕಾಯುವ ಕ್ರೂಸ್ ಕಂಟ್ರೋಲ್ ಇದ್ದರೆ ಮಿತಿಗಿಂತ ಐದು ಕಡಿಮೆ ಇಡಿ. ಚಿತ್ರದುರ್ಗದ ಗುಡ್ಡದ ಸುತ್ತ ಇಳಿಜಾರಿನಲ್ಲಿ ಸಾದಾ ಕ್ರೂಸ್ ಗಾಡಿಯನ್ನು ತಡೆಯುವುದಿಲ್ಲ, ವೇಗ ತಾನಾಗಿ ಜಾರಿ ಏರುತ್ತದೆ. ಅಲ್ಲಿ ಒಂದು ಗೇರ್ ಇಳಿಸಿ. ಮಳೆಯಲ್ಲಿ ಕ್ರೂಸ್ ಬೇಡವೇ ಬೇಡ.

ಸಿಕ್ಕಿಬೀಳಲು ಬೇಕೆಂದೇ ಓಡಿಸಿರಬೇಕಿಲ್ಲ, ವೇಗ ಇಳಿಸಲು ಮರೆತರೂ ಸಾಕು. ಅರ್ಧ ಗಂಟೆ ನೂರರಲ್ಲಿ ಬಂದ ಕಣ್ಣಿಗೆ 80 ತೀರ ನಿಧಾನ ಅನ್ನಿಸುತ್ತದೆ. ಆನಗೋಡು ದಾಟಿ ದಾವಣಗೆರೆ ಹತ್ತಿರವಾದಾಗ, ಹೆದ್ದಾರಿ ಬಿಟ್ಟು ಪಿ.ಬಿ. ರಸ್ತೆಗೆ ಇಳಿದಾಗ, ಟೋಲ್ ದಾಟಿ ಆಕ್ಸಿಲರೇಟರ್ ಒತ್ತಿದಾಗ, ಮುಂದಿನ ಲಾರಿ ಹಿಂದಿಕ್ಕಿದ ಮೇಲೆ ಮೀಟರ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಓವರ್‌ಟೇಕಿಗೆ ಏರಿಸಿದ ವೇಗ ಅಲ್ಲೇ ಉಳಿದುಬಿಡುವುದೇ ಹೆಚ್ಚು.

ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರ್ ಈಗ ಬಳಸುತ್ತಿರುವುದೇ ಅಂತ ಪರಿವಾಹನ್ ಜಾಲತಾಣದಲ್ಲಿ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ನೋಟಿಸು ಹಳೇ ಮಾಲೀಕರಿಗೆ ಹೋಗುತ್ತಿರಬಹುದು. ತಿಂಗಳಿಗೊಮ್ಮೆ ಇ-ಚಲನ್ ಪುಟದಲ್ಲಿ ಗಾಡಿ ನಂಬರ್ ಹಾಕಿ. ಕ್ಯಾಮೆರಾ ಕೇಸಾದರೆ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ 15 ದಿನದೊಳಗೆ ನೋಟಿಸು ಹೊರಡಬೇಕು, ಅದರಲ್ಲಿ ನಂಬರ್ ಪ್ಲೇಟ್ ಕಾಣುವ ಫೋಟೊ, ಅಳೆದ ವೇಗ, ದಿನಾಂಕ, ಸಮಯ, ಜಾಗ ಇರಬೇಕು. ಫೋಟೊದಲ್ಲಿರುವುದು ನಿಮ್ಮ ಗಾಡಿ ಅಲ್ಲದಿದ್ದರೆ ದಂಡ ಕಟ್ಟಬೇಡಿ, ಆಕ್ಷೇಪಣೆ ಹಾಕಿ. ವಾಟ್ಸ್ಆ್ಯಪಿನಲ್ಲಿ ಚಲನ್ ಹೆಸರಿನ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್ ಬಂದರೆ ತೆರೆಯದೆ ಡಿಲೀಟ್ ಮಾಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡುವವರ ಕೆಲಸ.