ಚಿಕ್ಕಮ್ಮನ ಮೆಸೇಜು ಚಿಕ್ಕಮ್ಮನದೇನಾ? ವಾಟ್ಸ್ಯಾಪ್‌ ಬೀಗ ಪರೀಕ್ಷಿಸುವ ಬಗೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕೊಡಗಿನ ನಾಪೋಕ್ಲಿನ ಚಿಕ್ಕಮ್ಮನಿಂದ ಮೆಸೇಜು ಬಂತು: ‘ಕೆಲಸದವರಿಗೆ ಕೊಡ್ಲಿಕ್ಕೆ ಐದು ಸಾವಿರ ಹಾಕು.’ ಅದರ ಮೇಲೆಯೇ ಒಂದು ಸಣ್ಣ ಸಾಲು, ಅವರ ಸೆಕ್ಯುರಿಟಿ ಕೋಡ್ ಬದಲಾಗಿದೆ ಅಂತ. ನಾನು ಮಡಿಕೇರಿಯಲ್ಲಿ. ಫೋನ್ ಮಾಡಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’. ಗಾಳಿಮಳೆಗೆ ಅಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ದುಡ್ಡು ಹಾಕಲಿಲ್ಲ. ಸಂಜೆ ಲೈನ್ ಸಿಕ್ಕಿತು. ‘ನಾನೇ ಮಾರಾಯ! ಹಳೇ ಫೋನು ಬಚ್ಚಲ ಹಂಡೆಗೆ ಬಿತ್ತು, ಹೊಸತು ತಗೊಂಡೆ.’

ಆ ಒಂದು ಸಾಲು ನಿಮ್ಮ ಫೋನಿನಲ್ಲಿ ಬರುತ್ತದೆಯಾ? ಬಹಳ ಜನರಿಗೆ ಬರುವುದಿಲ್ಲ. ಅದನ್ನು ನಾವೇ ಆನ್ ಮಾಡಬೇಕು.

ವಾಟ್ಸ್ಯಾಪ್‌ನಲ್ಲಿ ಎಂಡ್‌ ಟು ಎಂಡ್ ಎನ್‌ಕ್ರಿಪ್ಶನ್ 2016ರ ಏಪ್ರಿಲ್‌ನಿಂದ ಎಲ್ಲರಿಗೂ ತಾನಾಗಿಯೇ ಇದೆ. ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರಿಗೂ ಓದಲಾಗದ ಬೀಗ. ತೋಟದಲ್ಲೇ ಕಾಫಿ ಚೀಲದ ಬಾಯಿ ಹೊಲಿದು ಸೀಲ್ ಹಾಕಿ ಕಳಿಸಿದ ಹಾಗೆ. ಲಾರಿಯವನಿಗೆ ಚೀಲ ಕಾಣುತ್ತದೆ, ಒಳಗಿರುವುದು ಯಾವ ಕಾಫಿ, ಚೆರಿಯೋ ಪಾರ್ಚ್‌ಮೆಂಟೋ ಗೊತ್ತಾಗುವುದಿಲ್ಲ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲೇ ಬಿಚ್ಚುವುದು. ಹೋಮ್‌ಸ್ಟೇ ವೈಫೈಯಲ್ಲಿ ಕೂತು ಕಳಿಸಿದರೂ ವೈಫೈಯವರಿಗೆ ಮೆಸೇಜು ಓದಲಾಗದು. ಆದರೆ ಚೀಲ ಸರಿಯಾದವರ ಕೈ ಸೇರಿತಾ ಅಂತ ನೋಡುವುದು ನಮ್ಮ ಕೆಲಸ. ಅದಕ್ಕೇ ಈ ಹಂತಗಳು. ಇಲ್ಲಿ ಹೇಳಿರುವುದು ಆಂಡ್ರಾಯ್ಡ್ ಫೋನಿಗೆ. ಐಫೋನಿನಲ್ಲೂ ಹೆಚ್ಚುಕಡಿಮೆ ಇದೇ.

ಮೊದಲ ಹಂತ ಅರ್ಧ ನಿಮಿಷದ್ದು. ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ ಒತ್ತಿ, ಸೆಕ್ಯುರಿಟಿ ನೋಟಿಫಿಕೇಶನ್ಸ್ ತೆರೆಯಿರಿ. ಅಲ್ಲಿರುವ ಸ್ವಿಚ್ಚನ್ನು ಆನ್ ಮಾಡಿ. ಇನ್ನು ಮೇಲೆ ಯಾರಾದರೂ ಫೋನ್ ಬದಲಿಸಿದರೆ ಅಥವಾ ಆ್ಯಪ್ ಅಳಿಸಿ ಮತ್ತೆ ಹಾಕಿದರೆ ನಿಮಗೆ ಆ ಸಾಲು ಕಾಣುತ್ತದೆ. ಕಂಡ ಕೂಡಲೇ ಗಾಬರಿ ಬೇಡ. ಹೆಚ್ಚಿನ ಸಲ ಅದು ಹಂಡೆಗೆ ಬಿದ್ದ ಫೋನೇ! ಆದರೆ ಅದೇ ಹೊತ್ತಿಗೆ ದುಡ್ಡು ಕೇಳಿದರೆ ಮಾತ್ರ ನಿಲ್ಲಿ.

ನಿಂತು ಏನು ಮಾಡಬೇಕು? ಅವರ ಚಾಟ್ ತೆರೆದು ಮೇಲಿನ ಹೆಸರು ಒತ್ತಿ. ಕೆಳಗೆ ಎನ್‌ಕ್ರಿಪ್ಶನ್ ಅಂತ ಇರುತ್ತದೆ. ಒತ್ತಿದರೆ ಒಂದು ಕ್ಯೂಆರ್ ಕೋಡ್, ಅದರ ಕೆಳಗೆ 60 ಅಂಕಿ, ಐದೈದರ ಹನ್ನೆರಡು ಗುಂಪು. ಇದೇ ಆ ಸೆಕ್ಯುರಿಟಿ ಕೋಡ್. ಇಬ್ಬರ ಫೋನಿನಲ್ಲೂ ಇದೇ ಅಂಕಿಗಳು ಇರಬೇಕು. ಎದುರಿಗೇ ಇದ್ದರೆ ಸುಲಭ, ಒಬ್ಬರ ಕೋಡನ್ನು ಇನ್ನೊಬ್ಬರು ಸ್ಕ್ಯಾನ್ ಮಾಡಿದರೆ ಹಸಿರು ಗುರುತು ಬರುತ್ತದೆ. ದೂರ ಇದ್ದರೆ ಓದಿ ಹೇಳಬೇಕು. ಒಂದು ಮಾತು ನೆನಪಿಡಿ: ಓದುವುದು ಮಾಮೂಲಿ ಫೋನ್ ಕರೆಯಲ್ಲಿ, ನಿಮಗೆ ಗೊತ್ತಿರುವ ದನಿಯ ಜೊತೆ. ಅನುಮಾನ ಇರುವುದೇ ಆ ಚಾಟ್ ಮೇಲೆ, ಅದರಲ್ಲೇ ‘ನೀವು ನೀವೇನಾ’ ಅಂತ ಕೇಳಿ ಏನು ಪ್ರಯೋಜನ, ಅಲ್ವಾ?

ಆ ಸಂಜೆ ಚಿಕ್ಕಮ್ಮ ಗೇಟಿನ ಹತ್ತಿರ ಬಂದು, ಕೊಡೆ ಹಿಡಿದು ಓದಿದರು. ಏಳನೇ ಗುಂಪಿಗೆ ಲೈನ್ ಕಟ್. ಮತ್ತೆ ಒಂದರಿಂದ. ಕೊನೆಯ ಅಂಕಿವರೆಗೂ ಹೊಂದಿತು, ಆಮೇಲೆ ಐದು ಸಾವಿರ ಹಾಕಿದೆ. ಅಂಕಿ ಹೊಂದದಿದ್ದರೆ ಮೊದಲು ಇಬ್ಬರೂ ಸರಿಯಾದ ನಂಬರಿನ ಚಾಟ್ ತೆರೆದಿದ್ದೀರಾ ನೋಡಿಕೊಳ್ಳಿ. ಆಗಲೂ ಹೊಂದದಿದ್ದರೆ ಆ ಚಾಟ್‌ನಲ್ಲಿ ಗುಟ್ಟಿನದೇನೂ ಬರೆಯಬೇಡಿ. ಎಲ್ಲರ ಜೊತೆ ಇದನ್ನು ಮಾಡುತ್ತಾ ಕೂರಬೇಕಿಲ್ಲ. ದುಡ್ಡಿನ ವ್ಯವಹಾರ ಇರುವ ನಾಲ್ಕೈದು ಜನ ಸಾಕು.

ಈಗ ಹಿಂಬಾಗಿಲು. ಚಾಟ್‌ಗೆ ಬೀಗ ಇದ್ದರೂ ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್‌ಗೆ ಆ ಬೀಗ ತಾನಾಗಿ ಬೀಳುವುದಿಲ್ಲ. ಈ ಸೌಲಭ್ಯ ಬಂದದ್ದೇ 2021ರಲ್ಲಿ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅಲ್ಲಿ ಎಂಡ್‌ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಮಾಡಿ. ಪಾಸ್‌ವರ್ಡ್ ಇಡಬಹುದು, ಇಲ್ಲವೇ 64 ಅಕ್ಷರಗಳ ಕೀ ತೆಗೆದುಕೊಳ್ಳಬಹುದು. ನನ್ನ ಕೇಳಿದರೆ ಪಾಸ್‌ವರ್ಡೇ ವಾಸಿ. ಫೋನ್ ಕಳೆದುಕೊಂಡು ಪಾಸ್‌ವರ್ಡೂ ಮರೆತರೆ ಹಳೆ ಚಾಟ್ ಹೋದಂತೆಯೇ, ಕಂಪನಿಯವರೂ ತೆಗೆದುಕೊಡಲಾರರು. ಕಾಗದದಲ್ಲಿ ಬರೆದು ತೋಟದ ದಾಖಲೆಗಳ ಜೊತೆ ಇಡಿ. ಫೋನಿನ ಕವರಿನೊಳಗೆ ಮಡಚಿ ಇಡುವವರನ್ನು ನೋಡಿದ್ದೇನೆ, ಹಾಗೆ ಮಾತ್ರ ಮಾಡಬೇಡಿ.

ಇನ್ನು ಪಿನ್. ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್, ಆರಂಕಿಯ ಪಿನ್ ಹಾಕಿ, ಇಮೇಲ್ ಕೊಡಿ. ‘ತಪ್ಪಿ ನಿಮ್ಮ ನಂಬರಿಗೆ ಒಂದು ಕೋಡ್ ಬಂದಿದೆ, ಸ್ವಲ್ಪ ಕಳಿಸಿ’ ಅಂತ ಕೇಳುವವರ ಬಲೆಗೆ ಬಿದ್ದು, ನಿಮ್ಮ ವಾಟ್ಸ್ಯಾಪನ್ನು ಅವರ ಫೋನಿನಲ್ಲಿ ತೆರೆಯಲು ಬೇಕಾಗುವ ಎಸ್ಸೆಮ್ಮೆಸ್ ಕೋಡ್ ಕೊಟ್ಟುಬಿಟ್ಟರೂ ಈ ಪಿನ್ ಅಡ್ಡ ನಿಲ್ಲುತ್ತದೆ. ಪಿನ್ನನ್ನೂ ಕೊಟ್ಟರೆ ಮುಗಿಯಿತು. ಹಾಗೆಯೇ ಲಿಂಕ್ಡ್ ಡಿವೈಸಸ್ ಒಮ್ಮೆ ತೆರೆದು ನೋಡಿ, ನಿಮ್ಮ ವಾಟ್ಸ್ಯಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅಂತ ಅಲ್ಲಿ ಕಾಣುತ್ತದೆ. ಯಾವತ್ತೋ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆಯಲು ತೆರೆದದ್ದು ಇನ್ನೂ ಅಲ್ಲೇ ಇದ್ದರೆ ಲಾಗ್ ಔಟ್ ಮಾಡಿ.

ಟೆಲಿಗ್ರಾಂ ಬಳಸುವವರಿಗೆ ಬೇರೆ ಲೆಕ್ಕ. ಅಲ್ಲಿ ಮಾಮೂಲಿ ಚಾಟ್‌ಗೆ ದಾರಿಯಲ್ಲಿ ಬೀಗ ಇರುತ್ತದೆ, ಆದರೆ ಕಂಪನಿಯ ಸರ್ವರ್‌ ಹತ್ತಿರವೂ ಕೀಲಿ ಇರುತ್ತದೆ. ಪೂರ್ತಿ ಬೀಗ ಬೇಕಾದರೆ ಅವರ ಪ್ರೊಫೈಲ್ ತೆರೆದು, ಮೂರು ಚುಕ್ಕಿ ಒತ್ತಿ, ಸೀಕ್ರೆಟ್ ಚಾಟ್ ಶುರು ಮಾಡಬೇಕು. ಅದು ಇಬ್ಬರ ನಡುವೆ ಮಾತ್ರ. ಗ್ರೂಪಿಗೆ ಈ ಸೌಲಭ್ಯ ಇಲ್ಲ. ಹಾಗಾಗಿ ತೋಟದ ಲೆಕ್ಕ, ಬ್ಯಾಂಕ್ ವಿವರ ಟೆಲಿಗ್ರಾಂ ಗ್ರೂಪಿನಲ್ಲಿದ್ದರೆ ಅದನ್ನು ಇಂಥದ್ದೇ ಬೀಗ ಇರುವ ಇನ್ನೊಂದು ಆ್ಯಪ್ ಸಿಗ್ನಲ್‌ಗೋ ವಾಟ್ಸ್ಯಾಪ್‌ಗೋ ಸಾಗಿಸಿ.