ಗಾಲ್ಫ್ ಸ್ಕ್ರ್ಯಾಂಬಲ್ ಟೂರ್ನಮೆಂಟ್‌ನಲ್ಲಿ ಸ್ಕೋರ್ ಇಳಿಸೋದು ಹೇಗೆ

ಗಾಲ್ಫ್‌ನ ನಾಲ್ಕು ಜನರ ಸ್ಕ್ರ್ಯಾಂಬಲ್‌ನಲ್ಲಿ ಒಂದು ಹೋಲ್‌ಗೆ ಪಾರ್ (ಆ ಹೋಲ್‌ಗೆ ನಿಗದಿಯಾದಷ್ಟೇ ಶಾಟ್) ಬಂತು ಅಂದರೆ ಖುಷಿ ಪಡಬೇಡಿ, ಪಕ್ಕದ ಟೀಮ್ ಅಲ್ಲಿ ಬರ್ಡಿ (ಅದಕ್ಕಿಂತ ಒಂದು ಕಡಿಮೆ) ಮಾಡಿರುತ್ತದೆ. ಮಳೆಗಾಲ ಮುಗಿದರೆ ಸಾಕು, ಪುಣೆ-ಮುಂಬೈಯಲ್ಲಿ ಕಂಪನಿಗಳದ್ದು, ಚಾರಿಟಿಯವರದ್ದು ಅಂತ ಒಂದರ ಹಿಂದೆ ಒಂದು ಟೂರ್ನಮೆಂಟ್ ಶುರು. ಯರವಡಾದ ಪೂನಾ ಕ್ಲಬ್ ಕೋರ್ಸ್, ಲವಳೆ ಕಡೆಯ ಆಕ್ಸ್‌ಫರ್ಡ್, ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ, ಖಾರ್ಘರ್, ಎಲ್ಲಿ ಹೋದರೂ ಒಂದೆರಡು ಟೀಮ್‌ನಲ್ಲಿ ನಮ್ಮವರು ಸಿಕ್ಕೇ ಸಿಗುತ್ತಾರೆ. ಮಂಗಳೂರು-ಉಡುಪಿ ಕಡೆಯ ಹೋಟೆಲ್‌ನವರು, ಹುಬ್ಬಳ್ಳಿ-ಧಾರವಾಡದಿಂದ ಬಂದು ಪುಣೆಯ ಕಂಪನಿಗಳಲ್ಲಿ ಸೇರಿದವರು. ಆಟ ಚೆನ್ನಾಗಿಯೇ ಇರುತ್ತದೆ, ಆದರೆ ನಾಲ್ವರೂ ನಾಲ್ಕು ದಿಕ್ಕಿಗೆ ಜೋರಾಗಿ ಬೀಸಿ, ಯಾವುದು ಚೆನ್ನಾಗಿ ಹೋಯಿತು ಅಂತ ಆಮೇಲೆ ನೋಡುವ ಅಭ್ಯಾಸ. ಸ್ಕೋರ್ ಹಾಳಾಗುವುದು ಅಲ್ಲೇ.

ಹೊಸಬರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾಲ್ವರೂ ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಹೊಡೆಯುತ್ತೀರಿ. ಅದರಲ್ಲಿ ಒಂದು ಬಾಲ್ ಆರಿಸಿ, ನಾಲ್ವರೂ ಅಲ್ಲಿಂದಲೇ ಮುಂದಿನ ಶಾಟ್ ಹೊಡೆಯುತ್ತೀರಿ. ಬಾಲ್ ಹೋಲ್‌ಗೆ ಬೀಳುವವರೆಗೂ ಹೀಗೇ. ಅಂದರೆ ಪ್ರತಿ ಶಾಟ್‌ಗೂ ನಾಲ್ಕು ಅವಕಾಶ. ಆ ನಾಲ್ಕನ್ನೂ ಒಂದೇ ಕೆಲಸಕ್ಕೆ ಬಳಸಬೇಡಿ. ಮೊದಲ ಒಂದೆರಡು ಬಾಲ್ ಭದ್ರವಾಗಿ ಆಡಲಿಕ್ಕೆ, ಉಳಿದವು ಧೈರ್ಯ ಮಾಡಲಿಕ್ಕೆ. ಸ್ಕ್ರ್ಯಾಂಬಲ್ ಗೆಲ್ಲುವುದು ಇದರ ಮೇಲೇ.

ಟೀ ಮೇಲೆ ಮೊದಲು ಹೊಡೆಯಬೇಕಾದವರು ಟೀಮಿನಲ್ಲಿ ತುಂಬಾ ನೇರವಾಗಿ ಹೊಡೆಯುವವರು, ದೂರ ಕಡಿಮೆಯಾದರೂ ಪರವಾಗಿಲ್ಲ. ‘ಶೆಟ್ರೇ, ನೀವು ಸುಮ್ನೆ ಫೇರ್‌ವೇಯಲ್ಲಿ ಒಂದು ಇಟ್ಟುಬಿಡಿ ಮಾರಾಯ್ರೇ’ ಅನ್ನಿ, ಅಷ್ಟು ಸಾಕು (ಫೇರ್‌ವೇ ಅಂದರೆ ಟೀಯಿಂದ ಹೋಲ್ ಕಡೆಗಿನ ಕತ್ತರಿಸಿದ ಹುಲ್ಲಿನ ದಾರಿ). ಎರಡನೆಯವರಾಗಿ ಹೊಸ ಆಟಗಾರ ಹೊಡೆಯಲಿ, ಆಗಲೇ ಒಂದು ಬಾಲ್ ಭದ್ರವಾಗಿರುವುದರಿಂದ ಅವರ ಕೈ ನಡುಗುವುದಿಲ್ಲ. ದೂರ ಹೊಡೆಯುವವರು ಕೊನೆಗೆ. ಯರವಡಾದಂಥ ಮರಗಳ ಸಾಲಿನ ಕೋರ್ಸ್‌ನಲ್ಲಿ ಡಾಗ್‌ಲೆಗ್ (ನಡುವೆ ಬಗ್ಗುವ ಹೋಲ್) ಮೂಲೆ ಹಾರಿಸುವುದಿದ್ದರೆ ಅದು ಅವರ ಕೆಲಸ. ಆದರೆ ಮೊದಲ ಮೂವರೂ ಮರದೊಳಗೆ ಹಾಕಿದ್ದರೆ ದೂರ ಹೊಡೆಯುವ ಡ್ರೈವರ್ ಒಳಗಿಟ್ಟು, ಕಡಿಮೆ ದೂರದ ತ್ರೀ-ವುಡ್ ತೆಗೆಯಲೇಬೇಕು. ಇದನ್ನು ಮೊದಲ ಟೀಗೆ ಹೋಗುವ ಮುಂಚೆಯೇ ಮಾತಾಡಿಕೊಳ್ಳಿ, ಯಾಕೆಂದರೆ ಆ ಹೊತ್ತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.

ಹೆಚ್ಚಿನ ಕಡೆ ಇನ್ನೊಂದು ಷರತ್ತೂ ಇರುತ್ತದೆ: ಪ್ರತಿಯೊಬ್ಬರ ಇಷ್ಟು ಡ್ರೈವ್ (ಟೀ ಶಾಟ್) ಬಳಸಲೇಬೇಕು ಅಂತ. ಎರಡೋ, ಮೂರೋ, ಟೂರ್ನಮೆಂಟ್‌ನಿಂದ ಟೂರ್ನಮೆಂಟ್‌ಗೆ ಬದಲಾಗುತ್ತದೆ. ಅದನ್ನು ಮರೆತು ಕೊನೆಯ ಮೂರು ಹೋಲ್‌ನಲ್ಲಿ ವೀಕ್ ಆಟಗಾರನ ಡ್ರೈವ್‌ಗಾಗಿ ಕಾಯುತ್ತಾ ನಿಂತ ಟೀಮ್ ಪ್ರತಿ ಸಲ ಒಂದಾದರೂ ಇರುತ್ತದೆ. ಬುದ್ಧಿವಂತರು ಅದನ್ನು ಮೊದಲ ಆರೇಳು ಹೋಲ್‌ನಲ್ಲೇ ತೀರಿಸಿಕೊಳ್ಳುತ್ತಾರೆ. ಆ ಆಟಗಾರನ ಬಾಲ್ ಫೇರ್‌ವೇಯಲ್ಲಿದ್ದು, ಒಳ್ಳೆಯ ಬಾಲ್‌ಗಿಂತ ಇಪ್ಪತ್ತು ಗಜ ಹಿಂದಿದ್ದರೂ ತೆಗೆದುಕೊಳ್ಳಿ, ಕಾರ್ಡ್‌ನಲ್ಲಿ ಹೆಸರಿನ ಮೊದಲ ಅಕ್ಷರ ಗುರುತು ಹಾಕಿ. ಪಾರ್-3ರ (ಚಿಕ್ಕ ಹೋಲ್) ಟೀ ಶಾಟ್ ಲೆಕ್ಕಕ್ಕೆ ಬರುತ್ತದೆಯೇ ಅಂತ ಮೊದಲೇ ಕೇಳಿಡಿ. ಬರುವುದಾದರೆ ಅಲ್ಲಿ ಎಲ್ಲರಿಗೂ ಸಮ ಅವಕಾಶ. ಇನ್ನು, ಹೋಲ್‌ಗೆ ಹತ್ತಿರವಿರುವ ಕೆಂಪು ಟೀಯಿಂದ ಹೊಡೆಯುವ ಹೆಣ್ಣುಮಕ್ಕಳು ಅಥವಾ ಹಿರಿಯರು ಟೀಮಿನಲ್ಲಿದ್ದರೆ ಅವರನ್ನು ಲೆಕ್ಕ ತುಂಬಿಸಲು ಬಂದವರ ಹಾಗೆ ನೋಡುವವರ ಬಗ್ಗೆ ನನಗೆ ಕೋಪವಿದೆ. ಕೆಂಪು ಟೀಯಿಂದ ನೇರವಾಗಿ ಹೊಡೆದ ಡ್ರೈವ್ ಎಷ್ಟೋ ಸಲ ಎಲ್ಲರಿಗಿಂತ ಮುಂದೆ ಬಿದ್ದಿರುತ್ತದೆ.

ಈಗ ಬಾಲ್ ಆರಿಸುವುದು. ಎಲ್ಲರೂ ಮುಂದಿರುವ ಬಾಲ್ ಹತ್ತಿರ ನಡೆದುಬಿಡುತ್ತಾರೆ. ಸಾಮಾನ್ಯವಾಗಿ ಅದು ಸರಿಯೇ, ಹತ್ತಿರ ಇದ್ದಷ್ಟೂ ಒಳ್ಳೆಯದು. ಆದರೆ ಅದು ದಪ್ಪ ರಫ್‌ನಲ್ಲಿದ್ದು (ಉದ್ದ ಹುಲ್ಲು), ಎದುರಿಗೆ ಮರಳಿನ ಬಂಕರ್ ಇದ್ದು, ಪಿನ್ (ಹೋಲ್‌ನ ಬಾವುಟದ ಕಂಬ) ಆ ಬಂಕರ್‌ಗೆ ಅಂಟಿಕೊಂಡಿದ್ದರೆ? ನಲವತ್ತು ಗಜದಿಂದ ಅರ್ಧ ಸ್ವಿಂಗ್ ಹೊಡೆಯಲು ನಾಲ್ವರಲ್ಲಿ ಎಷ್ಟು ಜನಕ್ಕೆ ಬರುತ್ತದೆ? ತೊಂಬತ್ತು ಗಜದಿಂದ, ಫೇರ್‌ವೇ ನಡುವಿನಿಂದ, ಪೂರ್ತಿ ವೆಜ್ (ಹತ್ತಿರದ ಶಾಟ್‌ನ ಕೋಲು) ಹೊಡೆಯುವುದು ಹೆಚ್ಚಿನ ಹವ್ಯಾಸಿಗಳಿಗೆ ಸುಲಭ. ರಫ್‌ನಲ್ಲಿದ್ದ ಬಾಲ್ ಆರಿಸಿದರೆ ಸಾಮಾನ್ಯವಾಗಿ ನಾಲ್ವರೂ ರಫ್‌ನಲ್ಲೇ ಇಟ್ಟು ಹೊಡೆಯಬೇಕು, ಬಂಕರ್‌ನದ್ದು ಬಂಕರ್‌ನಲ್ಲೇ. ಒಂದು ಕ್ಲಬ್ (ಹೊಡೆಯುವ ಕೋಲು) ಉದ್ದದೊಳಗೆ, ಹೋಲ್‌ಗೆ ಹತ್ತಿರ ಬಾರದಂತೆ ಇಡಬಹುದು ಅನ್ನುವುದು ರೂಢಿ, ಆದರೂ ಆ ದಿನದ ನಿಯಮ ಹಾಳೆ ಓದಿಕೊಳ್ಳಿ. ಮತ್ತೆ, ಬಾಲ್ ಎತ್ತುವ ಮೊದಲು ಪಕ್ಕದಲ್ಲಿ ಗುರುತಿಗೆ ಒಂದು ಟೀ ಕಡ್ಡಿ ಚುಚ್ಚಿ.

ಅಪ್ರೋಚ್ ಶಾಟ್‌ಗೂ, ಅಂದರೆ ಗ್ರೀನ್‌ಗೆ (ಹೋಲ್ ಸುತ್ತಲಿನ ನುಣುಪು ಹುಲ್ಲು) ಹೊಡೆಯುವ ಶಾಟ್‌ಗೂ, ಅದೇ ಕ್ರಮ. ಮೊದಲ ಇಬ್ಬರು ಗ್ರೀನ್ ನಡುವಿಗೆ. ಒಂದು ಗ್ರೀನ್ ಮೇಲೆ ಕೂತಿತು ಅಂದಮೇಲೆ ಉಳಿದ ಇಬ್ಬರು ಪಿನ್ನಿಗೇ ಗುರಿ ಇಡಲಿ, ನೀರಿದ್ದರೂ ಸರಿ, ಬಂಕರ್ ಇದ್ದರೂ ಸರಿ. ಅದರಿಂದ ಏನು ಲಾಭ ಅಂತ ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಟೀಮಿನವರು ತಲಾ ಇಪ್ಪತ್ತು ಅಡಿಯಿಂದ ಹತ್ತರಲ್ಲಿ ಒಂದು ಪಟ್ (ಗ್ರೀನ್ ಮೇಲೆ ಬಾಲ್ ಉರುಳಿಸುವ ಶಾಟ್) ಹಾಕುತ್ತಾರೆ ಅಂದುಕೊಳ್ಳಿ. ನಾಲ್ವರೂ ಹೊಡೆದಾಗ ಒಂದಾದರೂ ಬೀಳುವ ಸಾಧ್ಯತೆ ನೂರಕ್ಕೆ 34. ಹತ್ತು ಅಡಿಯಿಂದ ನಾಲ್ಕರಲ್ಲಿ ಒಂದು ಹಾಕುವುದಾದರೆ ಅದೇ ಲೆಕ್ಕ ನೂರಕ್ಕೆ 68 ಆಗುತ್ತದೆ. ಎರಡು ಪಟ್ಟು! ಒಬ್ಬ ಬಾಲನ್ನು ಹತ್ತು ಅಡಿ ಹತ್ತಿರ ಇಟ್ಟರೆ ಎರಡು ಹೋಲ್‌ನಲ್ಲಿ ಒಂದು ಬರ್ಡಿಗಿಂತ ಜಾಸ್ತಿ ಸಿಗಬಹುದು ಅಂದಮೇಲೆ ಸುರಕ್ಷಿತವಾಗಿ ನಾಲ್ಕನೇ ಬಾಲನ್ನೂ ನಡುವಿಗೆ ಹೊಡೆದು ಏನು ಪ್ರಯೋಜನ ಹೇಳಿ.

ಗ್ರೀನ್ ಮೇಲೆ ಮಾತ್ರ ಸಮಯ ತೆಗೆದುಕೊಳ್ಳಿ, ಟೂರ್ನಮೆಂಟ್ ನಿರ್ಧಾರವಾಗುವುದು ಇಲ್ಲಿ. ಎಂಟು ಅಡಿಯ, ಇಳಿಜಾರಿನ, ಅಡ್ಡ ತಿರುಗುವ ಪಟ್‌ಗಿಂತ ಹನ್ನೆರಡು ಅಡಿಯ, ನೇರ, ಏರು ಪಟ್ ನನಗೆ ಇಷ್ಟ. ಏರಿಗೆ ನಾಲ್ವರೂ ಧೈರ್ಯವಾಗಿ ಹೊಡೆಯಬಹುದು. ಮೊದಲು ಪಟ್ ಮಾಡುವವರ ಕೆಲಸ ದಾರಿ ತೋರಿಸುವುದು. ಬಾಲ್ ಹೋಲ್ ದಾಟಬೇಕು, ಗಿಡ್ಡ ಬಿದ್ದ ಪಟ್‌ನಿಂದ ಹಿಂದಿನವರಿಗೆ ಕೊನೆಯ ಒಂದಡಿ ಹೇಗೆ ತಿರುಗುತ್ತದೆ ಅಂತ ತಿಳಿಯುವುದೇ ಇಲ್ಲ. ತುಂಬಾ ದೂರದ, ನಲವತ್ತು ಅಡಿಯಂಥ ಪಟ್ ಇದ್ದಾಗ ಮಾತ್ರ ಉಲ್ಟಾ: ಮೊದಲನೆಯವರು ಪಕ್ಕದಲ್ಲಿ ನಿಲ್ಲಿಸಲಿ, ಉಳಿದವರು ಬೀಳಿಸಲು ಹೊಡೆಯಲಿ. ಒಳ್ಳೆಯ ಪಟರ್ ಕೊನೆಗೆ ಅನ್ನುವುದು ಎಲ್ಲರೂ ಹೇಳುವ ಮಾತು. ನಾನು ಅವರನ್ನು ಮೂರನೆಯವರಾಗಿ ಇಡುತ್ತೇನೆ. ಎರಡು ಬಾಲ್ ನೋಡಿ ದಾರಿ ಗೊತ್ತಾಗಿರುತ್ತದೆ, ಹಿಂದೆ ಇನ್ನೊಬ್ಬರಿದ್ದಾರೆ ಅಂತ ಮನಸ್ಸೂ ಹಗುರ.

ಡಿಸೆಂಬರ್-ಜನವರಿಯ ಪುಣೆ ಬೆಳಗಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲ. ಗ್ರೀನ್ ಮೇಲೆ ಇಬ್ಬನಿ ಇರುತ್ತದಲ್ಲ, ಮೊದಲ ಬಾಲ್ ಹೋದ ದಾರಿ ಬೆಳ್ಳಗಿನ ನೀರಿನ ನಡುವೆ ಕಪ್ಪು ಗೆರೆಯಾಗಿ ಉಳಿಯುತ್ತದೆ. ಎಲ್ಲಿ ನೇರ ಹೋಯಿತು, ಎಲ್ಲಿ ಬಗ್ಗಿತು, ಎಲ್ಲಿ ವೇಗ ಸತ್ತಿತು, ಎಲ್ಲ ಕಣ್ಣೆದುರಿಗೇ. ಆದರೆ ಗ್ರೀನ್ ನಿಧಾನವಾಗಿರುತ್ತದೆ, ಬಿಸಿಲೇರಿ ಒಣಗಿದ ಮೇಲೆ ಅದೇ ಜೋರಿನಲ್ಲಿ ಹೊಡೆದರೆ ಆರಡಿ ಮುಂದೆ. ಬರ್ಮುಡಾ ಹುಲ್ಲಿದ್ದರೆ ಬಾಲ್ ಹಿಂದೆ ನಿಂತು ನೋಡಿ: ಹುಲ್ಲು ಹೊಳೆದರೆ ಅದು ಹೋಲ್ ಕಡೆ ಮಲಗಿದೆ, ಬಾಲ್ ಓಡುತ್ತದೆ. ಮಸುಕಾಗಿ ಕಂಡರೆ ಎದುರು ಹುಲ್ಲು, ಸ್ವಲ್ಪ ಗಟ್ಟಿಯಾಗಿ ಹೊಡೆಯಿರಿ. ಬ್ಯಾಗ್ ಹೊರುವ ಕ್ಯಾಡಿಗಳಲ್ಲಿ ಒಬ್ಬರನ್ನು ಮಾತ್ರ ಕೇಳಿ. ನಾಲ್ಕು ಕ್ಯಾಡಿಗಳು ‘ದೋ ಕಪ್ ಲೆಫ್ಟ್’, ‘ನಹೀ ಸರ್, ಏಕ್ ಕಪ್’ ಅಂತ ಚರ್ಚೆಗಿಳಿದರೆ ಹೊಡೆಯುವವರ ತಲೆ ಕೆಟ್ಟುಹೋಗುತ್ತದೆ. ಪಟ್ ಹೊಡೆಯುವಾಗ ಅದರ ರೇಖೆಯ ಹಿಂದೆ ನಿಲ್ಲಬೇಡಿ, ಹೊಡೆದ ಮೇಲೆ ಬೇಕಾದರೆ ಬಂದು ನೋಡಿ.

ಇನ್ನೊಂದು, ಇದಕ್ಕೆ ಎಷ್ಟು ಶಾಟ್ ಹೋಗಿವೆಯೋ. ಬರ್ಡಿ ಪಟ್ ತಪ್ಪಿ ಬಾಲ್ ಆರಿಂಚು ದೂರ ನಿಂತಿತು, ಅಭ್ಯಾಸಬಲದಿಂದ ಅದನ್ನು ತಟ್ಟಿ ಒಳಗೆ ಹಾಕಿಬಿಡುತ್ತಾರೆ. ಎಷ್ಟೋ ಟೂರ್ನಮೆಂಟ್‌ಗಳಲ್ಲಿ ಅಲ್ಲಿಗೆ ಆ ಹೋಲ್ ಮುಗಿಯಿತು, ಉಳಿದವರಿಗೆ ಪಟ್ ಇಲ್ಲ. ನಾಣ್ಯ ಇಟ್ಟು ಬಾಲ್ ಎತ್ತಿ.

ಮಲ್ಲಿಗನ್ (ಶಾಟ್ ಮತ್ತೆ ಹೊಡೆಯುವ ಅವಕಾಶ) ಮಾರುತ್ತಿದ್ದರೆ ಚಾರಿಟಿಗೆ ಅಂತ ಕೊಳ್ಳಿ, ಆದರೆ ಮೊದಲ ಟೀಯಲ್ಲಿ ಖರ್ಚು ಮಾಡಬೇಡಿ. ಪಾರ್-5ರಲ್ಲಿ ಈಗಲ್ (ಪಾರ್‌ಗಿಂತ ಎರಡು ಕಡಿಮೆ) ಪಟ್ ಹತ್ತಡಿ ಒಳಗಿದ್ದು ನಾಲ್ವರೂ ತಪ್ಪಿಸಿದಾಗ ಅದು ಐದನೇ ಅವಕಾಶ.

ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಶಾಟ್ ರಿಯಾಯಿತಿ) ಲೆಕ್ಕವಿರುವ ಕಡೆ, ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಸೂಚಿಸುವುದು ಹೀಗೆ: ಕಡಿಮೆ ಕೋರ್ಸ್ ಹ್ಯಾಂಡಿಕ್ಯಾಪ್‌ನವರದ್ದು ಶೇಕಡಾ 25, ಆಮೇಲೆ 20, 15, 10. ನಿಮ್ಮಲ್ಲಿ 8, 14, 20, 26 ಇದ್ದರೆ ಕೂಡಿಸಿದಾಗ 10.4, ಅಂದರೆ 10 ಶಾಟ್. ನಾಲ್ವರೂ ಹೊಸಬರಾದರೆ ಶಾಟ್ ಜಾಸ್ತಿ ಸಿಗುತ್ತದೆ, ಆದರೆ ಬರ್ಡಿ ಬರುವುದಿಲ್ಲ. ನಾನಾದರೆ ಒಬ್ಬ ನೇರ ಹೊಡೆಯುವವ, ಒಬ್ಬ ದೂರ ಹೊಡೆಯುವವ, ಒಬ್ಬ ವೆಜ್ ಚೆನ್ನಾಗಿ ಆಡುವವ, ಮತ್ತೆ ಪಟ್ ಹಾಕುವ ಒಬ್ಬ ತಣ್ಣನೆಯ ಮನುಷ್ಯನನ್ನು ಹುಡುಕುತ್ತೇನೆ.

ಕೊನೆಗೆ ಟೈ ಆದರೆ ಬಹಳ ಕಡೆ ಕೌಂಟ್‌ಬ್ಯಾಕ್: ಕೊನೆಯ ಒಂಬತ್ತು ಹೋಲ್, ಆಮೇಲೆ ಕೊನೆಯ ಆರು, ಮೂರು, 18ನೇದು. ಸಾಮಾನ್ಯವಾಗಿ ಇದನ್ನು ನೋಡುವುದು ಕಾರ್ಡ್‌ನಲ್ಲಿರುವ ಹೋಲ್ ಸಂಖ್ಯೆಯ ಪ್ರಕಾರ. ಶಾಟ್‌ಗನ್ ಸ್ಟಾರ್ಟ್‌ನಲ್ಲಿ (ಎಲ್ಲ ಟೀಮ್ ಒಂದೇ ಹೊತ್ತಿಗೆ ಬೇರೆ ಬೇರೆ ಹೋಲ್‌ನಿಂದ ಶುರು) ನಿಮ್ಮನ್ನು 10ನೇ ಟೀಗೆ ಕಳಿಸಿದ್ದರೆ ಕೌಂಟ್‌ಬ್ಯಾಕ್‌ಗೆ ಮುಖ್ಯವಾದ ಹೋಲ್‌ಗಳು ಬೆಳಗ್ಗೆ ಮೈ ಬಿಸಿಯಾಗುವ ಮೊದಲೇ ಬಂದುಬಿಡುತ್ತವೆ. ಅಂಥ ದಿನ ಅರ್ಧ ಗಂಟೆ ಮುಂಚೆ ಹೋಗಿ ಹತ್ತು ಪಟ್, ಹತ್ತು ವೆಜ್ ಹೊಡೆದು, ಉಪ್ಪಿಟ್ಟು-ಚಹಾ ಆಮೇಲೆ ಮಾಡಿ.